ಮುದುಕಿಯ ವಯಸ್ಸು

ಈ ಗಿರಾಕಿಯನ್ನು ಮೊದಲ ನೋಟಕ್ಕೇ ಅಳೆದಿದ್ದೆ: ಕಾಲರ್ ಸವೆದಿದೆ, ಚೀಲ ಮಾತ್ರ ಹೊಸದು, ಮತ್ತೆ ಮತ್ತೆ ಬರುವ ಆಸಾಮಿ. ಹಗಲು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಸಂಜೆ ಚಿತ್ರಕಥೆ. ಜೆರಾಕ್ಸ್ ಮಾತ್ರ ನನ್ನ ಅಂಗಡಿಯಲ್ಲೇ.

ಕತೆ ಎಪ್ಪತ್ತರಲ್ಲಿ ಕಾರು ಓಡಿಸಲು ಕಲಿಯುವ ಮುದುಕಿಯದು. ಮೊದಲ ನಿರ್ಮಾಪಕರು, “ಮುದುಕಿನ ಯಾರ್ರೀ ನೋಡ್ತಾರೆ, ವಯಸ್ಸು ಇಳಿಸಿ” ಎಂದರು. ಮೇಷ್ಟ್ರು ಮೂವತ್ತಕ್ಕಿಳಿಸಿದರು. ಎರಡನೆಯವರು, “ಮೂವತ್ತರವಳು ಕಾರು ಕಲಿತರೆ ಅದೇನು ಕತೆ, ವಯಸ್ಸು ಏರಿಸಿ” ಎಂದರು. ಐವತ್ತಾಯಿತು. ಮೂರನೆಯವರಿಗೆ ಕಾರು ದುಬಾರಿಯೆನಿಸಿತು, ಸೈಕಲ್ ಬಂತು. ಪ್ರತಿಯೊಬ್ಬ ಮಹಾನುಭಾವರ ಜ್ಞಾನಕ್ಕೂ ಹೊಸದಾಗಿ ನೂರಿಪ್ಪತ್ತು ಹಾಳೆ. ಸಿನಿಮಾರಂಗದ ಮೇಲೆ ನನಗೆ ಗೌರವ ಹುಟ್ಟಿದ್ದೇ ಆಗ.

ನಿನ್ನೆ ನಾನೂ ಬಾಯಿ ಹಾಕಿದೆ. “ಮೇಷ್ಟ್ರೇ, ಆ ಹೆಂಗಸನ್ನ ತೆಗೆದು ಒಬ್ಬ ಹೀರೋನ ಹಾಕಿ, ಓಡುತ್ತೆ.”

ಮೇಷ್ಟ್ರು ನನ್ನನ್ನೇ ನೋಡಿ, ಚೀಲದ ತಳದಿಂದ ಮೊಟ್ಟಮೊದಲ ಕರಡನ್ನು ತೆಗೆದರು. ಅದರಲ್ಲಿ ಮುದುಕಿಗೆ ಎಪ್ಪತ್ತೇ.

“ಇದನ್ನೇ ಹತ್ತು ಪ್ರತಿ ಮಾಡಿಕೊಡಿ ಸಾಹುಕಾರ್ರೇ. ನೀವೂ ಹೇಳಿದ್ರಲ್ಲ, ಇನ್ನು ಹೇಳೋರು ಯಾರೂ ಬಾಕಿ ಇಲ್ಲ. ನಾಳೆ ಹೋಗೋ ಕಡೆ ಇದನ್ನೇ ಕೊಡ್ತೀನಿ. ಬೇಡ ಅಂದ್ರೆ ಬೇಡ.”

ಇಷ್ಟೆಲ್ಲ ಕರಡು ಯಂತ್ರದಿಂದ ಹೊರಬಂದರೂ ನಾನು ಒಂದು ಪುಟವನ್ನೂ ಓದಿರಲಿಲ್ಲ. ಓದದೆ ಬುದ್ಧಿ ಹೇಳಿದ್ದಕ್ಕೆ ಮೇಷ್ಟ್ರ ಬಳಿ ನಾನು ಕ್ಷಮೆ ಕೇಳಬೇಕಿದೆ.