ಮರಳಿನಲ್ಲಿ ನಿಂತ ತಂಗಿ

ನಡೆಯಲಾರದ ಚಿಕ್ಕ ಮಕ್ಕಳಿಗೆ ವ್ಯಾಯಾಮ ಮಾಡಿಸುವ ನಮ್ಮ ವಿಜಾಪುರ ರಸ್ತೆಯ ಕೇಂದ್ರಕ್ಕೆ ಇಂದು ಒಬ್ಬ ತಾಯಿ ಮಗನನ್ನು ಬಗಲಲ್ಲಿ ಹೊತ್ತು ಬಂದಳು. ಅವನ ಕಾಲಿಗೆ ಹಚ್ಚಿದ್ದ ಕುಸುಬಿ ಎಣ್ಣೆಯ ವಾಸನೆಗೆ ಹೋಟಗಿ ಊರಿನ ನಮ್ಮ ಮನೆಯ ಅಂಗಳ ನೆನಪಾಯಿತು.

ತಂಗಿ ರೇಣುಕಾಳಿಗೆ ನಿಲ್ಲಲು ಬರುತ್ತಿರಲಿಲ್ಲ. ಅಂಗನವಾಡಿ ಅಕ್ಕೋರು ಹೇಳಿದಂತೆ ಅವ್ವ ದಿನಾ ಅವಳ ಕಾಲಿಗೆ ಇದೇ ಎಣ್ಣೆ ತಿಕ್ಕಿ, ಅಂಗಳದಲ್ಲಿ ತೋಡಿದ ಗುಂಡಿಯಲ್ಲಿ ಅವಳನ್ನು ನಿಲ್ಲಿಸಿ, ಆಸರೆಗೆಂದು ಸೊಂಟದವರೆಗೆ ಮರಳು ತುಂಬುತ್ತಿದ್ದಳು.

"ಜೀವಂತ ಕೂಸಿನ್ನ ಹುಗೀತಿಯೇನ?" ಎಂದು ಅಜ್ಜಿ ಅತ್ತಳು.

"ಹುಗಿಯಾಕತ್ತಿಲ್ರಿ ಅತ್ತಿ, ನಿಂದರಸಾಕತ್ತೀನಿ," ಎಂದಳು ಅವ್ವ.

ರೇಣುಕಾ ಕೊನೆಗೂ ನಡೆಯಲಿಲ್ಲ. ಒಂದು ದಿನ ಗೋಡೆ ಹಿಡಿದು ತಾನೇ ನಿಂತಳು, ಅಷ್ಟೇ. ಅವ್ವ ನಗಲೂ ಇಲ್ಲ, ಅಳಲೂ ಇಲ್ಲ. ಅಲ್ಲೇ ನೆಲದ ಮೇಲೆ ಕುಳಿತು ನಿದ್ದೆಹೋದಳು.

"ನನ್ನ ಮಗ ನಡೀತಾನೇನ್ರಿ?" ಎಂದು ಈ ತಾಯಿ ಕೇಳಿದಳು.

"ನೋಡೂಣ್ರಿ. ಮೊದಲ ನೀವು ಒಂದೀಟು ಕುಂದರ್ರಿ," ಎಂದು ಮಗುವನ್ನು ನಾನು ಎತ್ತಿಕೊಂಡೆ.