ಸಾಲಿನ ತುದಿ

ಸಿಂದಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರ್, ಯಾರು ಏನು ಕೇಳಿದರೂ ಮೊದಲು ಅಂಗಿಯ ಚುಂಗಿನಿಂದ ಚಸ್ಮಾ ಒರೆಸಿಕೊಂಡು, "ತುದಿ ನೋಡಪಾ" ಅನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರೆಂದು ನನ್ನ ನೆನಪು. ಎರಡೇ ಸಲ ಅಂದಿದ್ದರೂ ಇರಬಹುದು.

ಕೊನೆಯ ವರ್ಷದ ಪ್ರಾಜೆಕ್ಟ್ ಪರೀಕ್ಷೆ. ಮನೆಯಲ್ಲಿ ವಿಂಡೋಸಿನಲ್ಲಿ ಬರೆದು ತಂದ ನನ್ನ ಪ್ರೋಗ್ರಾಂ ಲ್ಯಾಬಿನ ಲಿನಕ್ಸಿನಲ್ಲಿ ಕಂಪೈಲ್ ಆಗಲಿಲ್ಲ. ಕಂಪೈಲ್ ಮಾಡಿಸುವ ಸ್ಕ್ರಿಪ್ಟ್ ಕಣ್ಣೆದುರೇ ಇದ್ದರೂ, ಅಂಥ ಫೈಲೇ ಇಲ್ಲ ಎಂದು ಪರದೆ ಹೇಳುತ್ತಿತ್ತು.

"ಯಾರದರೆ ಕಾಪಿ ಹೊಡಕೊಂಡ ಬಂದಿಯೇನ? ಚಾ ಕುಡದ ಬರ್ತೇನಿ. ಅಷ್ಟರಾಗ ಓಡಲಿಲ್ಲಂದ್ರ ಸೊನ್ನಿ" ಎಂದು ಹೊರಗಿನ ಪರೀಕ್ಷಕರು ಎದ್ದುಹೋದರು.

ಸರ್ ಚಸ್ಮಾ ಒರೆಸಿಕೊಂಡು ಬಾಗಿದರು. "ಸಾಲಿನ ತುದಿ ನೋಡಪಾ. ವಿಂಡೋಸ್ ಪ್ರತಿ ಸಾಲಿನ ತುದಿಗಿ ಕಣ್ಣಿಗಿ ಕಾಣದಂಥಾ ಒಂದು ಗುರುತು ಹೆಚ್ಚಿಗಿ ಹಚ್ಚತೈತಿ. ಲಿನಕ್ಸ್ ಅದನ್ನೂ ಮೊದಲ ಸಾಲಿನ್ಯಾಗಿನ ಫೈಲಿನ ಹೆಸರಿನಾಗ ಸೇರಿಸಿ ಓದತೈತಿ, ಅಂಥಾ ಹೆಸರಿನ ಫೈಲ್ ಅದಕ್ಕ ಸಿಗೂದಿಲ್ಲ."

ಆ ಗುರುತುಗಳನ್ನು ಅಳಿಸುವ ಆಜ್ಞೆಯನ್ನು ಅವರು ಅಕ್ಷರ ಅಕ್ಷರವಾಗಿ ಹೇಳಿದರು, ನಾನು ಟೈಪ್ ಮಾಡಿದೆ. ಪ್ರೋಗ್ರಾಂ ಓಡಿತು.

ಪರೀಕ್ಷಕರು ಮರಳಿ ಬಂದು, "ಯಾರು ಸರಿ ಮಾಡಿದ್ರಿ?" ಎಂದರು.

"ಅವನ ಮಾಡ್ಯಾನ್ರಿ. ನಾ ಕೀಬೋರ್ಡ್ ಮುಟ್ಟಿಲ್ಲ" ಎಂದರು ಸರ್.

ಪರೀಕ್ಷಕರು ನನ್ನ ಬೆನ್ನು ತಟ್ಟಿದರು. ಆಗ ಸರ್ ನನ್ನತ್ತ ನೋಡಿದರೋ ಇಲ್ಲವೋ, ಹೇಳಲಾರೆ. ನಾನು ಬಾಯಿ ಬಿಡಲಿಲ್ಲ, ಅದು ಮಾತ್ರ ಖಾತ್ರಿ.