ತಡಿಯಂಡಮೋಳ್ ತುದಿಗೆ ಬಳಿದ ಸುಣ್ಣ

ಗೆಳೆಯರೇ, ಕಾಫಿ ಹೂ ಬಿಡುವ ಕಾಲದಲ್ಲಿ ಭೂಗೋಳದ ಮೇಷ್ಟ್ರು ಬಿಳಿ ಬಣ್ಣ ಮುಟ್ಟಲೇಬಾರದು. ಇವತ್ತು ಗೊತ್ತಾಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮ ಕಕ್ಕಬೆ ಶಾಲೆಗೆ ಮೊದಲ ಸಲ ಇನ್‌ಸ್ಪೆಕ್ಟರು ಬರುವುದು ನಾಳೆ. ಅವರಿಗೆ ತೋರಿಸಲು ಹುತ್ತದ ಮಣ್ಣಿನಲ್ಲಿ ಇಡೀ ಕೊಡಗನ್ನು ಬೆಟ್ಟ ಕಣಿವೆ ಸಮೇತ ಮೆತ್ತಿದ್ದೇನೆ. ಅಟ್ಲಾಸಿನಲ್ಲಿರುವಂತೆ ತಗ್ಗಿಗೆ ಹಸಿರು, ಅದರ ಮೇಲೆ ಹಳದಿ, ಆಮೇಲೆ ಕಂದು. ಎಲ್ಲಕ್ಕಿಂತ ಎತ್ತರದ ತಡಿಯಂಡಮೋಳ್ ತುದಿಗೆ ಸುಣ್ಣದ ಬಿಳಿ.

ಬೆಳಿಗ್ಗೆ ಮೊಮ್ಮಗಳನ್ನು ಬಿಡಲು ಬಂದ ತೋಟದ ಸುಬ್ಬಯ್ಯನವರು ಅದರ ಮುಂದೆಯೇ ನಿಂತುಬಿಟ್ಟರು.

“ಮೇಷ್ಟ್ರೇ, ನಮ್ಮಲ್ಲಿ ಹೂ ಅರಳಿಸುವ ಹೂಮಳೆಯೇ ಇನ್ನೂ ಬೀಳಲಿಲ್ಲ. ಅಷ್ಟು ಮೇಲೆ ಆಗಲೇ ಕಾಫಿ ಹೂ ಬಿಟ್ಟಾಯ್ತಾ? ತೋಟ ಯಾರದ್ದು ಮಾರಾಯ್ರೇ?”

“ಹೂವಲ್ಲ, ಅದು ಎತ್ತರದ ಗುರುತು” ಎಂದೆ.

“ಎತ್ತರ ಮಣ್ಣಲ್ಲೇ ಕಾಣ್ತದಲ್ಲ. ಮತ್ತೆ ಬಣ್ಣ ಯಾಕೆ?”

ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಜನ ಬಂದು ಆ ತೋಟದ ಯಜಮಾನ ಯಾರೆಂದು ಕೇಳಿದರು. ಸಾಕಾಗಿ ತುದಿಗೂ ಕಂದು ಬಳಿದೆ.

ಸಂಜೆ ಮೊಮ್ಮಗಳನ್ನು ಕರೆದೊಯ್ಯಲು ಬಂದ ಸುಬ್ಬಯ್ಯನವರು ಬಗ್ಗಿ ನೋಡಿ ಲೊಚಗುಟ್ಟಿದರು.

“ಛೆ, ಹೂವೆಲ್ಲ ಕರಟಿಹೋಯ್ತಲ್ಲ! ಹೂಮಳೆ ಆದ ಮೇಲೆ ಇನ್ನೊಂದು ಮಳೆ ಬರಬೇಕಿತ್ತು. ಇನ್ನು ಕಾಯಿ ಎಲ್ಲಿಂದ ಕಟ್ತದೆ?”

ಮೀಸೆಯಡಿ ನಗು ಇತ್ತೋ ಇಲ್ಲವೋ, ಕಾಣಲಿಲ್ಲ.

ನಾಳೆ ಇನ್‌ಸ್ಪೆಕ್ಟರು ತಡಿಯಂಡಮೋಳ್ ತೋರಿಸಿ ಎತ್ತರ ಎಷ್ಟು ಎಂದು ಕೇಳಿದಾಗ, ನಾನು ಬಾಯಿತಪ್ಪಿ “ಈ ವರ್ಷ ಫಸಲಿಲ್ಲ ಸಾರ್” ಎನ್ನದಿದ್ದರೆ ಸಾಕು.